ಉಡಿಕೆ, ಪಾಟ, ಸೋಡಚಿಠ್ಠಿ

ಬೆಳಗಾವಿ ಸೀಮೆಯ ಹಳೆಯ ರೂಢಿಯ ಮಾತಿನಲ್ಲಿ ಹೆಣ್ಣಿಗೆ 'ಮದುವೆ' ಎಂಬುದು ಒಂದೇ ಸಲ. ವಿಧವೆಯೋ ಗಂಡ ಬಿಟ್ಟವಳೋ ಮತ್ತೆ ಸಂಸಾರ ಹೂಡಿದರೆ ಅದು 'ಉಡಿಕೆ'. 'ಉಡು' ಧಾತುವಿನ ಈ ಪದದಲ್ಲಿಯೇ ವಿಧಿಯೂ ಅಡಗಿದೆ. ಗಂಡು ತಂದ ಹೊಸ ಸೀರೆಯನ್ನು ಹೆಣ್ಣು ಉಡುವುದೇ ಅಲ್ಲಿ ಮುಖ್ಯ ಕ್ರಿಯೆ. ದಕ್ಷಿಣದ 'ಸೀರುಡಿಕೆ', 'ಕೂಡಿಕೆ'ಗಳೂ ಇದೇ ಬಳಗದವು. ಖಾನಾಪುರದತ್ತ ಸರಿದಂತೆ ಮನೆಮಾತು ಮರಾಠಿಯಾಗುತ್ತದೆ. ಆಗ ಮೊದಲನೆಯದು 'ಲಗ್ನ', ಎರಡನೆಯದು 'ಪಾಟ'. ಭಾಷೆ ಬದಲಾದರೂ ಭೇದ ಬದಲಾಗುವುದಿಲ್ಲ. ಗಂಡಸು ಎಷ್ಟನೆಯ ಸಲ ಕನ್ಯೆಯನ್ನು ವರಿಸಿದರೂ ಅದು ಲಗ್ನವೇ ಎಂಬುದನ್ನು ಇಲ್ಲಿ ಮರೆಯಲಾಗದು.

ಆರ್ಥರ್ ಸ್ಟೀಲ್ 1827ರಲ್ಲಿ ಪ್ರಕಟಿಸಿದ ದಖ್ಖನಿನ ಜಾತಿ ಕಟ್ಟಳೆಗಳ ಸಂಗ್ರಹದಲ್ಲಿ 'ಪಾಟ' ಸ್ಥಾನ ಪಡೆಯಿತು. ಮುಂಬಯಿ ಹೈಕೋರ್ಟಿನ ತೀರ್ಪುಗಳಲ್ಲಿಯೂ ಅದೇ ಪರಿಭಾಷೆಯಾಯಿತು. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿಗೆ ಸೇರಿದ್ದರಿಂದ ಕನ್ನಡದ ಉಡಿಕೆಯೂ ಈ ಮರಾಠಿ ಪದದ ನೆರಳಿನಲ್ಲಿಯೇ ನ್ಯಾಯಾಲಯವನ್ನು ಪ್ರವೇಶಿಸಬೇಕಿತ್ತು.

ಪ್ರವೇಶ ಸುಲಭವಾಗಿರಲಿಲ್ಲ. ಮದುವೆಯನ್ನು ರದ್ದುಗೊಳಿಸುವ, ಹೆಂಡತಿಗೆ ಮರುಮದುವೆಯ ಅನುಮತಿ ನೀಡುವ ಅಧಿಕಾರ ಜಾತಿಗಿಲ್ಲವೆಂದು ಆ ಹೈಕೋರ್ಟು 1876ರಲ್ಲಿ ಹೇಳಿತು. ಪಂಚರ ಮಾತು ನಂಬಿ ಪಾಟ ಮಾಡಿಕೊಂಡವಳು ದಂಡಸಂಹಿತೆಯ 494ನೆಯ ಕಲಮಿನ ಅಪರಾಧಿಯಾಗಬಹುದಿತ್ತು. ಆದ್ದರಿಂದ ಗಂಡ ಬರೆದುಕೊಡುವ 'ಸೋಡಚಿಠ್ಠಿ'ಯ ಬೆಲೆ ಹೆಚ್ಚಿತು.

ವಿಧವೆಯ ಸಂಗತಿ ಇನ್ನೂ ಕಠಿಣ. 1856ರ ವಿಧವಾ ಪುನರ್ವಿವಾಹ ಕಾಯಿದೆ ಸುಧಾರಣೆಯ ಹೆಗ್ಗುರುತೆಂದೇ ಪಾಠಗಳಲ್ಲಿ ಬರುತ್ತದೆ. ಅದರ 2ನೆಯ ಕಲಮು ಮಾತ್ರ, ಮರುಮದುವೆಯಾದವಳು ಮೃತ ಪತಿಯ ಆಸ್ತಿಯಲ್ಲಿನ ಹಕ್ಕನ್ನು ಕಳೆದುಕೊಳ್ಳುತ್ತಾಳೆ ಎನ್ನುತ್ತದೆ. ಉಡಿಕೆಗೆ ಕಾಯಿದೆಯ ಅಪ್ಪಣೆ ಎಂದೂ ಬೇಕಿರಲಿಲ್ಲ. ಆದರೂ ರೂಢಿಯಿಂದಲೇ ಮರುಮದುವೆಯಿದ್ದ ಜಾತಿಗಳಿಗೂ ಈ ಕಲಮು ಅನ್ವಯಿಸುತ್ತದೆಂದು ಮುಂಬಯಿ ಪೂರ್ಣಪೀಠ 1896ರಲ್ಲಿ ತೀರ್ಮಾನಿಸಿತು. ಅಲಹಾಬಾದ್ ಹೈಕೋರ್ಟಿನ ನಿಲುವು ಇದಕ್ಕೆ ವಿರುದ್ಧವಾಗಿತ್ತು. ಹೊಸ ಸೀರೆ ಉಟ್ಟ ಖಾನಾಪುರದ ವಿಧವೆ ಹೊಲ ಬಿಡಬೇಕು. ಗಂಗಾತೀರದಲ್ಲಿ ಅಂಥದೇ ಜಾತಿಯವಳು ಉಳಿಸಿಕೊಳ್ಳಬಹುದು!

ಆ ಕಾಯಿದೆ 1983ರಲ್ಲಿ ರದ್ದಾಯಿತು. ಸೋಡಚಿಠ್ಠಿಯ ಕಥೆ ಮುಗಿದಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯ 29ನೆಯ ಕಲಮು ರೂಢಿಗತ ವಿಚ್ಛೇದನವನ್ನು ಉಳಿಸಿಕೊಂಡಿದೆ. ಆದರೆ ತನ್ನ ಜಾತಿಯಲ್ಲಿ ಅಂಥ ರೂಢಿ ಇತ್ತೆಂಬುದನ್ನು, ಚೀಟಿ ಹಿಡಿದು ಬಂದವಳೇ ಸಾಕ್ಷ್ಯದಿಂದ ಸಿದ್ಧಪಡಿಸಬೇಕು.