ಕಟ್ಟುಹಾವು ಕಚ್ಚಿದ ರಾತ್ರಿ

ನಮ್ಮೂರು ಹೊಸದುರ್ಗಕ್ಕೂ ಹೊಳಲ್ಕೆರೆಗೂ ನಡುವೆ ಇದೆ. ಚಳಿ ಇಳಿಯತೊಡಗಿದರೆ ಕಣದಲ್ಲಿ ತೆಂಗಿನ ಮಟ್ಟೆ ಒಟ್ಟಿ ಬೆಂಕಿ ಹಾಕಿಕೊಂಡು ಕೂರುತ್ತೇವೆ. "ಹಾವಿನ ಕತೆ ಹೇಳು ದೊಡ್ಡಪ್ಪ" ಅಂತ ಮಕ್ಕಳು ಗಂಟುಬೀಳುತ್ತವೆ. ಪ್ರತಿ ವರ್ಷ ನಾನು ಹೇಳುವುದು ಒಂದೇ ಕತೆ. ಅದು ಕಟ್ಟಿದ ಕತೆಯಲ್ಲ. ಅದನ್ನು ಮೈಮೇಲೆ ಉಂಡ ನಮ್ಮ ಚಿಕ್ಕಪ್ಪ ಅದೇ ಬೆಂಕಿಗೆ ಕೈಚಾಚಿ ಎದುರಿಗೇ ಕೂತಿರುತ್ತಾನೆ.

1998ರ ಮಾತು. ದಸರೆ ಮುಗಿದು ವಾರವಾಗಿತ್ತು. ನನಗಾಗ 14 ವರ್ಷ. ಹೊಲದಿಂದ ಶೇಂಗಾ ಬಿಡಿಸಿ ತಂದು, ಮಳೆಗೆ ಹೆದರಿ ನಡುಮನೆಯಲ್ಲೇ ರಾಶಿ ಹಾಕಿದ್ದೆವು. ಶೇಂಗಾ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು ಅನ್ನುವುದು ನಮ್ಮ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಗೊತ್ತಿದ್ದೂ ಚಿಕ್ಕಪ್ಪ ರಾಶಿಯ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದ.

ಆಗ ನಮಗೆ ಹಾವೆಂದರೆ ನಾಗರಹಾವು. ಅದು ಹೆಡೆ ಎತ್ತುತ್ತದೆ, ಬುಸುಗುಡುತ್ತದೆ, ಹಿಂದೆ ಸರಿಯಲು ನಮಗೊಂದು ಗಳಿಗೆ ಕೊಡುತ್ತದೆ. ಮಂಡಲದ ಹಾವು ಕಚ್ಚಿದರೆ ಕಾಲು ಊದಿ ಉರಿಯುವುದರಿಂದ ಕಚ್ಚಿದ್ದು ಮುಚ್ಚಿಡುವಂಥದ್ದಲ್ಲ. ಕಟ್ಟುಹಾವಿನ ರೀತಿಯೇ ಬೇರೆ. ಕರಿ ಮೈಮೇಲೆ ಹಾಲುಬಿಳಿ ಪಟ್ಟೆ. ಹಗಲೆಲ್ಲ ಸಂದಿಗೊಂದಿಯಲ್ಲಿ ಸುರುಳಿ ಸುತ್ತಿಕೊಂಡಿದ್ದು ಕತ್ತಲಾದ ಮೇಲೆ ಹೊರಡುತ್ತದೆ. ನೆಲದ ಮೇಲೆ ಮಲಗಿದವರ ಮಗ್ಗುಲಿಗೆ ಬಂದರೂ ಸದ್ದಾಗುವುದಿಲ್ಲ. ಕಚ್ಚಿದರೆ ಹೆಚ್ಚು ನೋವಿಲ್ಲ, ಊತವಿಲ್ಲ.

ಸರಿರಾತ್ರಿಯಲ್ಲಿ ಚಿಕ್ಕಪ್ಪ ಎದ್ದು ಕೂತ. "ಅಣ್ಣಾ, ತೋಳಿಗೆ ಏನೋ ಚುರುಕ್ ಅಂತು" ಎಂದ. ಅಪ್ಪ ಲಾಟೀನು ಹಿಡಿದು ನೋಡಿದ. ರಕ್ತವಿಲ್ಲ, ಗಾಯವೂ ಕಾಣಲಿಲ್ಲ. "ಇರುವೆ ಕಣೋ, ಮಲಗು" ಎಂದ. ಆ ಒಂದು ಮಾತನ್ನು ನೆನೆದು ಅಪ್ಪ ಸಾಯುವತನಕ ಮರುಗಿದ.

ನಾಲ್ಕು ಗಂಟೆಯ ಹೊತ್ತಿಗೆ ಹೊಟ್ಟೆನೋವು ಶುರುವಾಯಿತು. ಅಜೀರ್ಣವಿರಬೇಕೆಂದು ಅವ್ವ ಓಂಕಾಳಿನ ಕಷಾಯ ಕೊಟ್ಟಳು. ಅದೂ ವಾಂತಿಯಾಯಿತು. ಬೆಳಕು ಹರಿಯುವಾಗ ಅಜ್ಜಿ ಅವನ ಮುಖವನ್ನೇ ನೋಡಿ, "ಹುಡುಗನ ಕಣ್ಣುರೆಪ್ಪೆ ಯಾಕೆ ಮೇಲೇಳ್ತಿಲ್ಲ?" ಎಂದಳು. ರೆಪ್ಪೆಗಳೆರಡೂ ಜೋತುಬಿದ್ದಿದ್ದವು. ಮಾತು ತೊದಲುತ್ತಿತ್ತು. ಎಂಜಲು ನುಂಗಲಾಗದೆ ಕಟವಾಯಿಯಿಂದ ಸೋರುತ್ತಿತ್ತು. ಅಪ್ಪ ಚಾಪೆ ಎತ್ತಿ ಸುತ್ತ ನೋಡಿದರೆ, ಗೋಡೆಯ ಬಿರುಕಿನೊಳಕ್ಕೆ ಪಟ್ಟೆಪಟ್ಟೆಯ ಬಾಲವೊಂದು ಸರಿದುಹೋಯಿತು.

ದೊಣ್ಣೆ ತರಲು ಓಡಿದ ಅಣ್ಣನನ್ನು ಅವ್ವ ತಡೆದಳು. "ಹಾವು ಎಲ್ಲಾರ ಹೋಗ್ಲಿ, ಮೊದ್ಲು ಗಾಡಿ ನೋಡು." ಅಷ್ಟರಲ್ಲಿ ಜನ ಸೇರಿದ್ದರು. ಮಂತ್ರ ಹಾಕುವವರು ಪಕ್ಕದೂರಲ್ಲೇ ಇದ್ದಾರೆ, ಅಲ್ಲಿಗೆ ಹೋಗಾನ ಅಂದರು ಯಾರೋ. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ನನ್ನ ತಮ್ಮನ್ನ ಹಂಗೇ ಕಳಕಂಡೀನಿ. ಇವನ್ನ ಆಸ್ಪತ್ರೆಗೇ ಒಯ್ಯಬೇಕು."

108 ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದದ್ದು 2008ರಲ್ಲಿ. ಅವತ್ತು ಊರಲ್ಲಿ ನಿಂತಿದ್ದದ್ದು ಒಂದೇ ಟೆಂಪೊ. ಎದುರುಮನೆಯವರ ಈರುಳ್ಳಿ ತುಂಬಿಕೊಂಡು ಹಿರಿಯೂರಿನ ಮೇಲೆ ಬೆಂಗಳೂರಿಗೆ ಹೊರಟಿತ್ತು. ಈರುಳ್ಳಿಗೆ ಯಾರೂ ಕಂಡರಿಯದ ಬೆಲೆ ಬಂದಿದ್ದ ವರ್ಷ ಅದು. ಆ ಮನೆಯ ಯಜಮಾನರು ಎರಡನೇ ಮಾತಾಡಲಿಲ್ಲ. ಜಿನುಗುವ ಮಳೆಯಲ್ಲೇ ಚೀಲಗಳನ್ನು ಕೆಸರಿಗೆ ಇಳಿಸಿ ಟೆಂಪೊ ಖಾಲಿ ಮಾಡಿಸಿದರು. ಹಿರಿಯೂರಿನ ಕಡೆ ಮುಖ ಮಾಡಿದ್ದ ಗಾಡಿ ಹೊಳಲ್ಕೆರೆಯ ಕಡೆ ತಿರುಗಿತು.

ಹೊಳಲ್ಕೆರೆಯಲ್ಲಿ ಡಾಕ್ಟರು ರೆಪ್ಪೆ ನೋಡಿದವರೇ ಕಟ್ಟುಹಾವು ಅಂದರು. ವಿಷಕ್ಕೆ ಪ್ರತಿಯಾದ ಔಷಧವನ್ನು ಡ್ರಿಪ್ಪಿಗೆ ಸೇರಿಸಿ ಚಿತ್ರದುರ್ಗಕ್ಕೆ ಕಳಿಸಿದರು. ಜೊತೆಗೆ ಒಬ್ಬ ನರ್ಸಮ್ಮನನ್ನೂ ಹತ್ತಿಸಿದರು. ಅರ್ಧ ದಾರಿಗೆ ಚಿಕ್ಕಪ್ಪನ ಎದೆ ಏರಿಳಿಯುವುದು ನಿಂತಿತು. ನರ್ಸಮ್ಮ ಅವನ ಮೂಗುಬಾಯಿ ಮುಚ್ಚುವಂತೆ ಮುಸುಕು ಒತ್ತಿ, ಅದಕ್ಕೆ ಸಿಕ್ಕಿಸಿದ ರಬ್ಬರ್ ಚೀಲವನ್ನು ಹಿಸುಕತೊಡಗಿದರು. ಹಿಸುಕಿದಾಗ ಎದೆ ಏಳುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು.

ದುರ್ಗದಲ್ಲಿ ಗಂಟಲಿಗೆ ನಳಿಕೆ ಹಾಕಿ, ಚೀಲವನ್ನು ನಮ್ಮ ಕೈಗೆ ಕೊಟ್ಟು ಒತ್ತುವುದನ್ನು ಕಲಿಸಿದರು. ಅಪ್ಪ, ಅಣ್ಣ, ನಾನು ಸರದಿ ಹಿಡಿದೆವು. ಐದರವರೆಗೆ ಎಣಿಸುವುದು, ಒಮ್ಮೆ ಒತ್ತುವುದು. ಎರಡು ಹಗಲು, ಎರಡು ರಾತ್ರಿ ನಮ್ಮ ಮನೆಯ ಬಾಳು ಆ ಐದು ಎಣಿಕೆಯಲ್ಲಿತ್ತು. ಚಿಕ್ಕಪ್ಪನ ಬೆರಳೂ ಅಲುಗುತ್ತಿರಲಿಲ್ಲ. ನೋಡಲು ಬಂದವರೊಬ್ಬರು "ಆತು ಬಿಡ್ರಪ್ಪ, ಇನ್ನೇನೈತೆ?" ಎಂದು ಕಣ್ಣೊರೆಸಿಕೊಂಡರು. ಅಪ್ಪ ಎಣಿಕೆ ಬಿಡಲಿಲ್ಲ.

ಡಾಕ್ಟರು ನಮಗೆ ತಿಳಿಯುವ ಹಾಗೆ ಹೇಳಿದ್ದರು. ಈ ವಿಷ ನರದ ತುದಿಯನ್ನು ಕೆಡಿಸುತ್ತದೆ, ಆಗ ನರದ ಅಪ್ಪಣೆ ಸ್ನಾಯುವಿಗೆ ಮುಟ್ಟುವುದಿಲ್ಲ. ರಕ್ತದಲ್ಲಿರುವ ವಿಷವನ್ನು ಔಷಧ ಹಿಡಿಯುತ್ತದೆ, ಆದರೆ ಆಗಲೇ ಕೆಟ್ಟ ತುದಿಯನ್ನು ರಿಪೇರಿ ಮಾಡಲಾರದು. ಅದು ತಾನೇ ಚಿಗುರಬೇಕು. ಅಲ್ಲಿಯವರೆಗೆ ಅವನ ಉಸಿರನ್ನು ಬೇರೆಯವರು ಆಡಬೇಕು. ಬೇಗ ಬಂದಷ್ಟೂ ಕೆಡುವುದು ಕಡಿಮೆ.

ಮೂರನೆಯ ಬೆಳಿಗ್ಗೆ ಕಾಲಿನ ಹೆಬ್ಬೆರಳು ಅಲುಗಿತು. ಅವತ್ತು ಅಪ್ಪ ಅತ್ತಹಾಗೆ ಮತ್ತೆಂದೂ ಅತ್ತದ್ದನ್ನು ನಾನು ನೋಡಿಲ್ಲ.

ಮಾತು ಬಂದ ಮೇಲೆ ಚಿಕ್ಕಪ್ಪ ಹೇಳಿದ್ದು ಕೇಳಿ ನಮ್ಮ ಮೈ ನಡುಗಿತು. "ನೀವು ಮಾತಾಡಿದ್ದೆಲ್ಲ ಕೇಳಿಸ್ತಿತ್ತು. ರೆಪ್ಪೆ ಎತ್ತಾಕೆ ಆಗ್ತಿರಲಿಲ್ಲ, ಅಷ್ಟೆ. ಆತು ಬಿಡ್ರಿ ಅಂದದ್ದೂ ಕೇಳಿಸ್ತು. ಅಣ್ಣ ಎಣಿಸೋದೂ ಕೇಳಿಸ್ತಿತ್ತು. ಐದು ಅಂದ ತಕ್ಷಣ ಗಾಳಿ ಬರೋದು."

ಅಪ್ಪ ಆ ಹಾವನ್ನು ಹುಡುಕಲಿಲ್ಲ. ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿ, ಕಾಳುಕಡಿಯನ್ನು ಬೇರೆ ಕೊಠಡಿಗೆ ಸಾಗಿಸಿದ. ಸೌದೆ ಒಟ್ಟಿಲು ಗೋಡೆಯಿಂದ ದೂರ ಹೋಯಿತು. ಮಂಚ ಬಂದವು, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿಗೆ ಸಿಕ್ಕಿಸುವುದು ರೂಢಿಯಾಯಿತು. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಮಾಡಬೇಡಿ, ಕೈಕಾಲು ಅಲುಗಿಸದೆ ಆಸ್ಪತ್ರೆಗೆ ಹೊರಡಿ ಎಂದು ಅಪ್ಪ ಕಂಡಕಂಡವರಿಗೆ ಹೇಳುತ್ತಿದ್ದ.

2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರೆಂದು ಸಂಶೋಧಕರ ಅಂದಾಜು. ಹೆಚ್ಚಿನವರು ನಮ್ಮಂಥ ಹಳ್ಳಿಯವರೇ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಗೊತ್ತುಮಾಡಿತು. ನೋವಿಲ್ಲವೆಂದು ಬೆಳಗಿನವರೆಗೆ ಕಾದು ಹೋದವರು ಇಷ್ಟು ವರ್ಷ ಯಾವ ಲೆಕ್ಕದಲ್ಲಿದ್ದರೋ ಎಂದು ಆ ಸುದ್ದಿ ಓದಿದ ದಿನ ನನಗೆ ಸಂಕಟವಾಯಿತು.

ಕತೆ ಮುಗಿಯುವಾಗ ಬೆಂಕಿ ಕೆಂಡವಾಗಿರುತ್ತದೆ. ಚಿಕ್ಕಪ್ಪ ಏನೂ ಮಾತಾಡದೆ ಎದ್ದು, ಬ್ಯಾಟರಿ ಹಿಡಿದು ಒಳಗೆ ಹೋಗುತ್ತಾನೆ. ಮಕ್ಕಳ ಹಾಸಿಗೆಗಳನ್ನು ಒಂದೊಂದಾಗಿ ಕೊಡವಿ, ಮಂಚದ ಕೆಳಗೆ ಬೆಳಕು ಹಾಯಿಸಿ ನೋಡಿ, "ಈಗ ಬರ್ರಪ್ಪಾ" ಎಂದು ಕೂಗುತ್ತಾನೆ. ಅವನು ಕೂಗಿದ ಮೇಲೇ ಮಕ್ಕಳು ಒಳಗೆ ಹೋಗುವುದು.