ಅಡಿಗೆಮನೆಯ ಪ್ರಾರ್ಥನೆ

ಪ್ರಾರ್ಥನೆಯೆಂದೊಡನೆ ಕಣ್ಣಮುಂದೆ ನಿಲ್ಲುವ ಚಿತ್ರ ಒಂದೇ. ನಿಶ್ಶಬ್ದವಾದ ದೇವಾಲಯ, ಉರಿಯುವ ಮೇಣದಬತ್ತಿ, ಊರಿದ ಮೊಣಕಾಲು, ಮುಚ್ಚಿದ ಕಣ್ಣು. ಇವೊಂದಕ್ಕೂ ಬಿಡುವಿಲ್ಲದೆ ಬೆಳಗಿನಿಂದ ಇರುಳಿನವರೆಗೆ ದುಡಿಯುವವನು ಕ್ರಿಸ್ತನ ಶಿಷ್ಯನಾಗಿ ಬಾಳುವುದು ಹೇಗೆ? ಎಡೆಬಿಡದೆ ಪ್ರಾರ್ಥಿಸಬೇಕೆಂದು ಸಂತ ಪೌಲನು ಥೆಸಲೋನಿಕದ ಸಭೆಗೆ ಬರೆದನು. ಒಲೆಯ ಮೇಲೆ ಹಾಲು ಉಕ್ಕುತ್ತಿರುವಾಗ ಅದನ್ನು ಪಾಲಿಸುವ ಬಗೆ ಯಾವುದೆಂದು ಗೃಹಿಣಿಯೊಬ್ಬಳು ಕೇಳಿದರೆ ಪಂಡಿತರು ತಡವರಿಸಬೇಕಾದೀತು. ಪೌಲನು ಮಾತ್ರ ತಡವರಿಸುತ್ತಿರಲಿಲ್ಲವೇನೋ. ಅವನೂ ಡೇರೆ ಹೊಲಿದು ಹೊಟ್ಟೆ ಹೊರೆದವನೇ.

ಹದಿನೇಳನೆಯ ಶತಮಾನದ ಪ್ಯಾರಿಸಿನಲ್ಲಿ ಈ ಪ್ರಶ್ನೆಗೆ ತನ್ನ ಬಾಳಿನಿಂದಲೇ ಉತ್ತರ ಕೊಟ್ಟವನು ಒಬ್ಬ ಅಡಿಗೆಯವನು. ಹುಟ್ಟುಹೆಸರು ನಿಕೊಲಾಸ್ ಹರ್ಮನ್. ಲೋಕ ಅವನನ್ನು ಬಲ್ಲುದು ಬ್ರದರ್ ಲಾರೆನ್ಸ್ ಎಂದು. 1614ರ ಸುಮಾರಿಗೆ ಲೊರೇನ್ ಪ್ರಾಂತದಲ್ಲಿ ಅವನ ಜನನ. ಹದಿನೆಂಟರ ಹರೆಯದಲ್ಲಿ, ಚಳಿಗಾಲದ ಒಂದು ದಿನ, ಎಲೆಯುದುರಿ ನಿಂತ ಮರವೊಂದನ್ನು ಕಂಡನು. ಇದೇ ಮರ ಮತ್ತೆ ಚಿಗುರಿ, ಹೂತು, ಕಾಯಾಗುವುದಲ್ಲವೆ ಎಂಬ ಯೋಚನೆಯೊಡನೆ ದೇವರ ನೆನಪು ಅವನ ಎದೆಯಲ್ಲಿ ನಾಟಿತು. ಆದರೆ ಆ ಕೂಡಲೆ ಅವನೇನೂ ಸಂತನಾಗಲಿಲ್ಲ. ಸಿಪಾಯಿಯಾದನು, ಮೂವತ್ತು ವರ್ಷಗಳ ಯುದ್ಧದಲ್ಲಿ ಗಾಯಗೊಂಡು ಕುಂಟನಾದನು, ಬಳಿಕ ಸಿರಿವಂತರ ಮನೆಯೊಂದರಲ್ಲಿ ಆಳಾದನು. ಮುಟ್ಟಿದ್ದನ್ನೆಲ್ಲ ಒಡೆದುಹಾಕುವ ಒಡ್ಡನೆಂದು ತನ್ನನ್ನು ತಾನೇ ವರ್ಣಿಸಿಕೊಂಡಿದ್ದಾನೆ. 1640ರಲ್ಲಿ ಪ್ಯಾರಿಸಿನ ಕಾರ್ಮೆಲೈಟ್ ಮಠವನ್ನು ಸೇರಿದಾಗ, ಈ ಒಡ್ಡತನಕ್ಕೆ ಅಲ್ಲಿ ತಕ್ಕ ಶಾಸ್ತಿಯಾಗುವುದೆಂದೇ ಅವನ ನಿರೀಕ್ಷೆ.

ಮಠದವರು ಅವನನ್ನು ಅಡಿಗೆಮನೆಗೆ ಹಾಕಿದರು. ಅಡಿಗೆಯೆಂದರೆ ಸ್ವಭಾವತಃ ಅವನಿಗೆ ಬೇಸರ! ಆ ಬೇಸರದ ಕೆಲಸವನ್ನು ಹದಿನೈದು ವರ್ಷಗಳ ಕಾಲ ಮಾಡಿದನು. ಕೆಲಸಕ್ಕೆ ಮೊದಲು, ಇದನ್ನು ನಿನಗಾಗಿ ಮಾಡುವ ಬಲ ಕೊಡು ಎಂದು ದೇವರನ್ನು ಬೇಡುವನು. ಪಾತ್ರೆಗಳ ಸದ್ದಿನ ನಡುವೆಯೂ ಆ ಮಾತುಕತೆಯನ್ನು ಮುಂದುವರಿಸುವನು. ಮುಗಿದ ಮೇಲೆ ಲೆಕ್ಕ ನೋಡಿ, ಚೆನ್ನಾಗಿದ್ದರೆ ವಂದಿಸುವನು, ಕೆಟ್ಟಿದ್ದರೆ ಕ್ಷಮೆ ಕೇಳುವನು. ಬಾಣಲೆಯಲ್ಲಿ ಆಮ್ಲೆಟ್ಟನ್ನು ಮಗುಚುವುದೂ ದೇವರ ಪ್ರೀತಿಗಾಗಿಯೇ. ಬೇರೆ ಕೆಲಸವಿಲ್ಲದಿದ್ದರೆ ಅಲ್ಲೇ ನೆಲಕ್ಕೆ ಬಾಗಿ ನಮಸ್ಕರಿಸಿ ಏಳುವನು. ಕೊನೆಕೊನೆಗೆ ಅವನಿಗೆ ಗೊತ್ತುಪಡಿಸಿದ ಪ್ರಾರ್ಥನೆಯ ವೇಳೆಗೂ ಕೆಲಸದ ವೇಳೆಗೂ ಭೇದವೇ ಉಳಿಯಲಿಲ್ಲ.

ಈ ಕೊನೆಯ ಮಾತು ಬಹಳ ಜನರಿಗೆ ಪ್ರಿಯ. ದುಡಿಮೆಯೇ ಪ್ರಾರ್ಥನೆಯೆಂದ ಮೇಲೆ ಮೊಣಕಾಲೂರುವ ತೊಂದರೆ ಏಕೆ ಎಂದು ಪುಸ್ತಕ ಮುಚ್ಚಿಡುವವರುಂಟು. ಅವರು ಮುಂದಿನ ಪುಟವನ್ನು ಓದಿಲ್ಲ. ಮಠದ ಮೊದಲ ವರ್ಷಗಳಲ್ಲಿ ಲಾರೆನ್ಸನು ನಿಯಮದ ಧ್ಯಾನಕ್ಕೆ ಕುಳಿತು ಗಂಟೆಗಳನ್ನು ಕಳೆದವನು. ಸುಮಾರು ಹತ್ತು ವರ್ಷಗಳ ಕಾಲ ಅವನು ಪಟ್ಟ ಸಂಕಟ ಸಣ್ಣದಲ್ಲ. ಹಳೆಯ ಪಾಪಗಳ ನೆನಪು ಕಾಡಿತು. ಜನರೂ ಬುದ್ಧಿಯೂ ದೇವರೂ ಕೂಡಿ ತನಗೆ ಎದುರಾಗಿರುವರೆಂದೇ ತೋರಿತು. ಮನಸ್ಸು ನೂರು ಕಡೆಗೆ ಓಡಿದಾಗ ಅವನು ಮಾಡಿದ್ದು ಇಷ್ಟೇ: ತಪ್ಪನ್ನು ಒಪ್ಪಿ, ಕೊರಗುತ್ತ ಕೂರದೆ, ಮತ್ತೆ ದೇವರ ಕಡೆಗೆ ತಿರುಗುವುದು. ಬಾಣಲೆಯ ಮುಂದಿನ ಆ ಶಾಂತಿ ಇಂಥ ಸಾವಿರ ತಿರುಗುವಿಕೆಗಳಿಂದ ಗಳಿಸಿದ್ದು. ಗಳಿಕೆಯನ್ನು ಬಯಸಿ ದುಡಿಮೆಯನ್ನು ಬಿಡುವವರಿಗೆ ಅವನ ಹೆಸರು ಹೇಳುವ ಹಕ್ಕಿಲ್ಲ.

ಅಡಿಗೆಮನೆಯ ಕಥೆ ಸುವಾರ್ತೆಯಲ್ಲೂ ಒಂದಿದೆ. ಯೇಸು ಮನೆಗೆ ಬಂದಾಗ ಮಾರ್ಥಳು ಉಪಚಾರದ ಗಡಿಬಿಡಿಯಲ್ಲಿದ್ದಳು. ತಂಗಿ ಮರಿಯಳು ಆತನ ಕಾಲ ಬಳಿ ಕುಳಿತು ಕೇಳುತ್ತಿದ್ದಳು. ತನಗೆ ನೆರವಾಗೆಂದು ಅವಳಿಗೆ ಹೇಳಬಾರದೆ ಎಂದು ದೂರಿದ ಮಾರ್ಥಳಿಗೆ ಸಿಕ್ಕಿದ್ದು ಮೃದುವಾದ ಗದರಿಕೆ. ಪಾಪ, ಎಷ್ಟೋ ಉಪದೇಶಗಳಲ್ಲಿ ಈ ಗದರಿಕೆ ಅಡಿಗೆಯ ಮೇಲೆಯೇ ಬಿದ್ದಿದೆ. ಯೇಸು ಎತ್ತಿ ಹೇಳಿದ್ದು ಅವಳ ಚಿಂತೆಯನ್ನು, ತಳಮಳವನ್ನು, ಒಲೆಯನ್ನಲ್ಲ. ಲಾರೆನ್ಸನು ಮಾರ್ಥಳ ಜಾಗದಲ್ಲಿ ನಿಂತು ಮರಿಯಳ ಕಿವಿಯನ್ನು ಪಡೆದವನು.

ಒಮ್ಮೆ ದ್ರಾಕ್ಷಾರಸ ಕೊಂಡು ತರಲು ಅವನನ್ನು ಬರ್ಗಂಡಿಗೆ ಕಳಿಸಿದರು. ವ್ಯವಹಾರ ತಿಳಿಯದು, ಕಾಲು ಕುಂಟು; ದೋಣಿಯಲ್ಲಿ ಓಡಾಡಲಾರದೆ ಪೀಪಾಯಿಗಳ ಮೇಲೆ ಉರುಳಿಕೊಂಡೇ ಸಾಗಬೇಕಾಯಿತು. ಇದು ನಿನ್ನ ಕೆಲಸ ಎಂದು ದೇವರಿಗೆ ಹೇಳಿಬಿಟ್ಟೆ, ಎಲ್ಲವೂ ಸರಿಹೋಯಿತು ಎಂದನಂತೆ. 1666ರಲ್ಲಿ ಅವನನ್ನು ಕಾಣಲು ಬಂದ ಪಾದ್ರಿ ಬೊಫೊರ್ ಇಂಥ ಮಾತುಗಳನ್ನು ಬರೆದಿಟ್ಟುಕೊಳ್ಳದಿದ್ದರೆ ಈ ಅಡಿಗೆಯವನ ಹೆಸರು ಮಠದ ಗೋಡೆ ದಾಟುತ್ತಿರಲಿಲ್ಲ.

ಕಾಲಿನ ನೋವು ಹೆಚ್ಚಿದ ಮೇಲೆ ಅವನಿಗೆ ಕುಳಿತು ಮಾಡುವ ಕೆಲಸ ಕೊಟ್ಟರು: ಸಂನ್ಯಾಸಿಗಳ ಚಪ್ಪಲಿ ಹೊಲಿಯುವುದು. 1691ರ ಫೆಬ್ರವರಿ 6ರಂದು ಬರೆದ ಕೊನೆಯ ಪತ್ರದಲ್ಲಿ, ಕೆಲವೇ ದಿನಗಳಲ್ಲಿ ದೇವರನ್ನು ಕಾಣುವ ಆಸೆಯನ್ನು ತಿಳಿಸಿದ್ದಾನೆ. ಅದೇ ತಿಂಗಳ 12ರಂದು ತೀರಿಕೊಂಡನು.