ಕಂಪನವನ್ನು ನುಂಗುವ ಬಳೆ

ರಾಯಚೂರಿನಿಂದ ಮಾನ್ವಿಗೂ ದೇವದುರ್ಗಕ್ಕೂ ಹೋಗುವ ಹಾದಿಗಳಲ್ಲಿ ವೇಗದ ಮೋಹಕ್ಕೊಳಗಾದ ತರುಣರುಂಟು. ಹಳೆಯ ಕಾರಿನ ಎಂಜಿನ್ನನ್ನು ಬಿಚ್ಚಿಸಿ, ನಿಮಿಷಕ್ಕೆ 7000 ಸುತ್ತು ತಿರುಗುವಂತೆ ಮಾಡಿಸಬಯಸುವವನು, ಕ್ರ್ಯಾಂಕ್‌ಶಾಫ್ಟಿನ ಮುಂತುದಿಯಲ್ಲಿರುವ ಡ್ಯಾಂಪರು ವ್ಯರ್ಥಭಾರವೆಂದು ಬಗೆದು, ಅದನ್ನು ತೆಗೆಸಿ ಹಗುರವಾದ ಅಲ್ಯುಮಿನಿಯಂ ಪುಲ್ಲಿಯನ್ನು ತೊಡಿಸಹೊರಡುವನು. ಅನುಭವಿಯಾದ ಮಿಸ್ತ್ರಿಯು ಮಾತ್ರ “ತಮ್ಮಾ, ಅದು ಬರೀ ಪುಲ್ಲಿ ಅಲ್ಲ” ಎಂದು ಕೈ ತಡೆಯುವನು.

ಆ ಮಾತಿನ ಮರ್ಮವೇನು? ನಾಲ್ಕು ಸಿಲಿಂಡರಿನ ಕಾರಿನ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಎರಡು ಬಾರಿ ಇಂಧನವು ಸಿಡಿದುರಿಯುತ್ತದೆ. ನಿಮಿಷಕ್ಕೆ 6000 ಸುತ್ತಾದರೆ ಸೆಕೆಂಡಿಗೆ 200 ಪೆಟ್ಟು! ಪ್ರತಿ ಪೆಟ್ಟಿಗೂ ಉಕ್ಕಿನ ದಂಡವು ಕಾಣದಷ್ಟು ತಿರುಚಿ ಮರಳುತ್ತದೆ. ಪಂಚಮಿಯ ಜೋಕಾಲಿಯನ್ನು ಹದವರಿತು ಮೆಲ್ಲನೆ ನೂಕಿದರೂ ಅದು ಮುಗಿಲಿಗೇರುವುದಷ್ಟೆ? ಹಾಗೆಯೇ ಪೆಟ್ಟಿನ ಲಯವಾಗಲಿ ಅದರ ಮಡಿಯಾಗಲಿ ದಂಡದ ಸಹಜ ಕಂಪನದೊಡನೆ ಕೂಡಿದರೆ, ತಿರುಚು ಬೆಳೆದು ಬಿರುಕು ಮೂಡಿ ದಂಡವೇ ಮುರಿಯಬಹುದು.

ರಬ್ಬರಿನ ಪಟ್ಟಿಯಿಂದ ಬಂಧಿತವಾದ ಕಬ್ಬಿಣದ ಬಳೆಯು ಆ ತಿರುಚಿಗೆ ಇದಿರಾಗಿ ತೂಗಿ, ಕಂಪನವನ್ನು ಶಾಖವಾಗಿ ಕರಗಿಸುತ್ತದೆ. ಈ ವಿದ್ಯೆಗೆ ದಾರಿ ತೋರಿದವರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ (1868–1946) ಪ್ರಮುಖನು. ಆದರೆ ಕಾರ್ಖಾನೆಯ ಬಳೆಯು ಕಾರ್ಖಾನೆ ವಿಧಿಸಿದ ವೇಗಕ್ಕೆ ಹದಗೊಂಡದ್ದು. ವೇಗವನ್ನು ಹೆಚ್ಚಿಸಿದವನು ಅದಕ್ಕೊಪ್ಪುವ ಬಳೆಯನ್ನೂ ಅರಸಬೇಕು. ಕಾವಿಗೂ ಎಣ್ಣೆಗೂ ರಬ್ಬರು ಕೆಟ್ಟಿಲ್ಲವೆಂಬುದನ್ನು ಪರೀಕ್ಷಿಸಬೇಕು.

ವೇಗಕ್ಕೆ ಎಳ್ಳಷ್ಟನ್ನೂ ಕೂಡಿಸದ ಆ ಬಳೆಯೇ ವೇಗವನ್ನು ತಾಳುವ ಬಲವನ್ನು ಕೊಡುತ್ತದೆ, ವಿದ್ಯೆಗೆ ವಿನಯವಿದ್ದಂತೆ.